ಎಲ್ಲ ಮಕ್ಕಳಿಗೂ ನ್ಯಾಯ ದೊರಕಿಸುವ ಶಾಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಶಾಲೆಗಳ ಸುಧಾರಣೆಯ ಬಗ್ಗೆ ಪೋಷಕರ ಸಭೆಗಳಲ್ಲಿ, ಶಿಕ್ಷಕರ ತರಬೇತಿಗಳಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಅವರದೇ ಧಾಟಿಯಲ್ಲಿ ಉಳಿಸಿಕೊಂಡಿದ್ದೇನೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಬಹುದು. ಮೊದಲ ಭಾಗ ಮಗುವನ್ನು ಈಗಷ್ಟೇ ಶಾಲೆಗೆ ಸೇರಿಸುತ್ತಿರುವವರಿಗೆ, ಕೊನೆಯ ಭಾಗ ನೀತಿ ಮತ್ತು ಆಡಳಿತದ ಬಗ್ಗೆ ಯೋಚಿಸುವವರಿಗೆ ಹೆಚ್ಚು ಉಪಯೋಗವಾದೀತು.

## ಆರಂಭದ ಪ್ರಶ್ನೆಗಳು

ಮಕ್ಕಳ ಕೇಂದ್ರಿತ ಶಿಕ್ಷಣ ಅಂದರೆ ಮಕ್ಕಳು ಹೇಳಿದ ಹಾಗೆ ಶಾಲೆ ನಡೆಯಬೇಕು ಅಂತಲೇ?

ಹಾಗಲ್ಲ. ಇವತ್ತಿನ ಪಾಠ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಪಠ್ಯಪುಸ್ತಕದ ಪುಟಸಂಖ್ಯೆಯ ಬದಲು ಮಗುವಿಗೆ ಈಗಾಗಲೇ ಗೊತ್ತಿರುವ ವಿಷಯ ನಿರ್ಧರಿಸಬೇಕು ಎಂಬುದು ಇದರ ತಿರುಳು. ನಾಲ್ಕನೇ ತರಗತಿಯಲ್ಲಿ ಭಾಗಾಕಾರ ಹೇಳಿಕೊಡುವ ದಿನ, ಮೂವತ್ತು ಮಕ್ಕಳ ಪೈಕಿ ಹತ್ತು ಮಂದಿಗೆ ದಶಕ ತೆಗೆದುಕೊಂಡು ಕಳೆಯುವ ಲೆಕ್ಕವೇ ಬರದಿದ್ದರೆ, ಆ ಹತ್ತು ಮಂದಿಯ ಪಾಲಿಗೆ ಅಂದಿನ ಪಾಠ ನಡೆಯಲೇ ಇಲ್ಲ ಎಂದೇ ಅರ್ಥ. ಹಾಜರಿ ಪುಸ್ತಕದಲ್ಲಿ ಮಾತ್ರ ಅವರು ತರಗತಿಯಲ್ಲಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಚಟುವಟಿಕೆ, ಹುಡುಕಾಟ, ಅನ್ವೇಷಣೆಗಳ ಮೂಲಕ, ಭಯ ಮತ್ತು ಆತಂಕಗಳಿಲ್ಲದೆ ಮಗು ಕಲಿಯಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ಇದು ಯಾರೋ ಕೆಲವು ಉತ್ಸಾಹಿಗಳ ಹವ್ಯಾಸವಾಗಿ ಉಳಿದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಾನೂನು. ಶಿಸ್ತು, ವೇಳಾಪಟ್ಟಿ, ಶಿಕ್ಷಕರ ಅಧಿಕಾರ ಇವೆಲ್ಲ ಅಂಥ ಶಾಲೆಯಲ್ಲೂ ಇರುತ್ತವೆ, ಇರಲೇಬೇಕು.

ಪುಸ್ತಕ, ಸಮವಸ್ತ್ರ, ಶೂ, ಊಟ, ಹಾಲು, ಮೊಟ್ಟೆ ಎಲ್ಲ ಕೊಡುತ್ತಿದ್ದಾರಲ್ಲ, ಇನ್ನೂ ಏನು ಸಮಾನತೆ ಬೇಕು?

ಇವು ಯಾವುವೂ ಸಣ್ಣ ಸಂಗತಿಗಳಲ್ಲ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ಇಡೀ ರಾಜ್ಯಕ್ಕೆ ಹಬ್ಬಿದ ಅಕ್ಷರ ದಾಸೋಹ, 2013ರಿಂದ ಬಂದ ಕ್ಷೀರಭಾಗ್ಯ, ಈಚಿನ ವರ್ಷಗಳ ಮೊಟ್ಟೆ, ಇವು ಬಡ ಮನೆಯ ಮಕ್ಕಳನ್ನು ಶಾಲೆಯಲ್ಲಿ ಉಳಿಸಿವೆ. ಹಸಿದ ಮಗುವಿಗೆ ಯಾವ ಬೋಧನಾ ವಿಧಾನವೂ ನಾಟುವುದಿಲ್ಲ ಎಂಬುದನ್ನು ಬಲ್ಲವರು ಇವನ್ನು ‘ಬಿಟ್ಟಿ ಯೋಜನೆ’ ಎಂದು ಕರೆಯಲಾರರು.

ಆದರೆ ತರಗತಿಯ ಒಳಗೆ ಹಂಚಿಕೆಯಾಗುವ ಇನ್ನೊಂದು ವಸ್ತು ಇದೆ. ಅದು ಶಿಕ್ಷಕರ ಗಮನ. ಕೈ ಎತ್ತುವ ಮಗುವಿಗೆ ಮತ್ತೆ ಮತ್ತೆ ಪ್ರಶ್ನೆ ಹೋಗುತ್ತದೆ, ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತ ಮಗುವಿಗೆ ಇಡೀ ವಾರ ಒಂದು ಪ್ರಶ್ನೆಯೂ ಹೋಗುವುದಿಲ್ಲ. ಮನೆಗೆಲಸ ಕೊಡುವಾಗ ಮನೆಯಲ್ಲಿ ಓದು ಬಲ್ಲ ಹಿರಿಯರೊಬ್ಬರು ಸಂಜೆ ಬಿಡುವಾಗಿರುತ್ತಾರೆ ಎಂದು ಶಾಲೆ ಎಣಿಸಿಕೊಂಡಿರುತ್ತದೆ. ಪ್ರಾಜೆಕ್ಟ್ ಎಂದರೆ ಚಾರ್ಟು, ಥರ್ಮಾಕೋಲು, ಬಣ್ಣದ ಪ್ರಿಂಟ್‌ಔಟು ಎಂದಾಗಿದೆ. ಕೂಲಿಗೆ ಹೋಗುವ ತಾಯಿಗೆ ಅದು ಅರ್ಧ ದಿನದ ದುಡಿಮೆ. ಅತಿ ಕಡಿಮೆ ಆಸರೆಯಿರುವ ಮಗುವಿಗೆ ಶಿಕ್ಷಕರ ಸಮಯ ಎಷ್ಟು ಸಿಕ್ಕಿತು ಎಂದು ಕೇಳದೆ ಸಮಾನತೆಯ ಲೆಕ್ಕ ಪೂರ್ತಿಯಾಗುವುದಿಲ್ಲ. ಈ ಪುಟದ ಉಳಿದ ಉತ್ತರಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಇದೇ ಪ್ರಶ್ನೆಯ ಸುತ್ತ ಇವೆ.

ನಲಿ-ಕಲಿ ಅಂತ ಮಕ್ಕಳು ಬರೀ ಆಡುತ್ತಾರೆ, ‘ಅ ಆ ಇ ಈ’ ಕೂಡ ಸರಿಯಾಗಿ ಹೇಳಲ್ಲ. ಇದರಿಂದ ಏನು ಬಂತು?

ಈ ದೂರು ರಾಜ್ಯದ ಯಾವ ಮೂಲೆಗೆ ಹೋದರೂ ಕೇಳಿಸುತ್ತದೆ, ಮತ್ತು ಅದಕ್ಕೆ ಕಾರಣವಿದೆ. ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಲ್ಲಿ ಬಳಸುವ ಚಟುವಟಿಕೆ ಆಧಾರಿತ ವಿಧಾನವಾದ ನಲಿ-ಕಲಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಎಂದು ಶುರುವಾಗುತ್ತದೆ. ಬರೆಯಲು ಸುಲಭವಾದ, ಕೂಡಲೇ ಪದ ಕಟ್ಟಲು ಬರುವ ಅಕ್ಷರಗಳಿವು. ಈ ಐದೇ ಅಕ್ಷರ ಕಲಿತ ಮಗು ‘ಸರ’, ‘ಅರಸ’, ‘ಗರಗಸ’ ಎಂದು ಅರ್ಥವಿರುವ ಪದಗಳನ್ನು ಓದಬಲ್ಲದು. ಮನೆಯಲ್ಲಿ ಅಜ್ಜ ‘ಅ ಆ ಹೇಳು ನೋಡೋಣ’ ಎಂದಾಗ ಅದು ತಡವರಿಸಿದರೆ ಕಲಿತಿಲ್ಲವೆಂದು ತೀರ್ಮಾನಿಸಬೇಕಾಗಿಲ್ಲ. ಒಂದು ಕಾಗದದ ಮೇಲೆ ‘ಗರಗಸ’ ಎಂದು ಬರೆದು ಓದಲು ಹೇಳಿ ನೋಡಬಹುದು.

ನಲಿ-ಕಲಿ 1995ರಲ್ಲಿ ಹುಟ್ಟಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ ಅದನ್ನು ರೂಪಿಸಿದರು. ಕಾಡಂಚಿನ ಆ ತಾಲೂಕಿನಲ್ಲಿ ಮಕ್ಕಳು ದಿನವೂ ಶಾಲೆಗೆ ಬರುತ್ತಿರಲಿಲ್ಲ. ನಾಲ್ಕು ದಿನ ತಪ್ಪಿಸಿಕೊಂಡು ಬಂದ ಮಗುವಿಗೆ ಪಾಠ ಎಲ್ಲಿಗೋ ಹೋಗಿಬಿಟ್ಟಿರುತ್ತಿತ್ತು. ಕಲಿಕಾ ಏಣಿ ಎಂಬ ಏರ್ಪಾಡು ಈ ತೊಂದರೆಗೆ ಉತ್ತರವಾಗಿ ಬಂತು. ಕಲಿಯಬೇಕಾದ್ದನ್ನೆಲ್ಲ ಮೈಲಿಗಲ್ಲುಗಳಾಗಿ, ಮೈಲಿಗಲ್ಲುಗಳನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದಿದ್ದರಿಂದ, ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ತರಗತಿಯಲ್ಲಿ ‘ತಟ್ಟೆ’ಗಳೆಂದು ಕರೆಯುವ ಗುಂಪುಗಳಿರುತ್ತವೆ, ಹೊಸದನ್ನು ಕಲಿಯುವವರು ಶಿಕ್ಷಕರ ಜೊತೆಗಿನ ತಟ್ಟೆಯಲ್ಲಿ, ಅಭ್ಯಾಸ ಮಾಡುವವರು ಗೆಳೆಯರ ಜೊತೆಗಿನ ತಟ್ಟೆಯಲ್ಲಿ, ತಾವೇ ಮಾಡಬಲ್ಲವರು ಸ್ವಕಲಿಕೆಯ ತಟ್ಟೆಯಲ್ಲಿ ಕೂರುತ್ತಾರೆ. ಎಲ್ಲರಿಗಿಂತ ಹೆಚ್ಚು ಅಗತ್ಯವಿರುವ ಮಗುವಿನ ಪಕ್ಕದಲ್ಲಿ ಶಿಕ್ಷಕರು ಕೂರಬೇಕೆಂಬ ನಿಯಮವನ್ನು ಕೂರುವ ವ್ಯವಸ್ಥೆಯಲ್ಲೇ ಅಡಕಗೊಳಿಸಿದ್ದು ಇದರ ದೊಡ್ಡ ಸಾಧನೆ ಎಂದು ನಾನು ನಂಬಿದ್ದೇನೆ.

2009-10ರ ಸುಮಾರಿಗೆ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೆ ಬಂತು. ಹಾಗೆ ಬಂದಾಗ ಶಿಕ್ಷಕರೇ ಕಟ್ಟಿದ್ದ ಒಂದು ಪ್ರಯೋಗ ಮೇಲಿನಿಂದ ಇಳಿದ ಆದೇಶವಾಯಿತು. ಕಾರ್ಡುಗಳು ಹರಿದರೂ ಹೊಸತು ಬಾರದ, ತರಬೇತಿಯಿಲ್ಲದ ಶಿಕ್ಷಕರನ್ನು ತರಗತಿಗೆ ಹಾಕಿದ, ಪ್ರತಿ ಮಗುವಿನ ಕಲಿಕೆಯನ್ನು ಗುರುತಿಸುವ ‘ಪ್ರಗತಿ ನೋಟ’ವನ್ನು ತಪಾಸಣೆಯ ಹಿಂದಿನ ದಿನ ತುಂಬಿಸಿದ ಶಾಲೆಗಳಲ್ಲಿ ಪೋಷಕರ ದೂರು ನಿಜವೇ ಆಗಿರುತ್ತದೆ. ಅಲ್ಲಿ ವಿಧಾನವನ್ನು ದೂರುವ ಮೊದಲು ಕಾರ್ಡುಗಳ ಸ್ಥಿತಿಯನ್ನು ನೋಡಬೇಕು.

ಟಿ.ಸಿ. ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಅಂತ ಮಗುವನ್ನು ಸೇರಿಸಿಕೊಳ್ಳುತ್ತಿಲ್ಲ. ಏನು ಮಾಡಲಿ?

6ರಿಂದ 14 ವರ್ಷದ ಮಗುವಿಗೆ ಈ ಎರಡೂ ಕಾರಣದಿಂದ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆಯಿಲ್ಲವೆಂದು ನಿರಾಕರಿಸಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಮು, ವರ್ಗಾವಣೆ ಪತ್ರ ತಡವಾಯಿತೆಂದು ನಿರಾಕರಿಸಬಾರದೆಂದು 5ನೇ ಕಲಮು ಹೇಳುತ್ತವೆ. ಶಾಲೆಗೇ ಹೋಗದ ಹತ್ತು ವರ್ಷದ ಮಗುವನ್ನು ಒಂದನೇ ತರಗತಿಯಲ್ಲಿ ಕೂರಿಸಬಾರದು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು ಎಂಬುದು 4ನೇ ಕಲಮು. ಮುಖ್ಯಶಿಕ್ಷಕರು ಒಪ್ಪದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮೂರು ತಿಂಗಳೊಳಗೆ ದೂರು ಇತ್ಯರ್ಥವಾಗಬೇಕು. ಅಲ್ಲೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ನಮ್ಮ ಕಾಲದಲ್ಲಿ ಏಟು ತಿಂದೇ ಕಲಿತೆವು. ಒಂದೇಟು ಕೊಡದೆ ಮಕ್ಕಳು ದಾರಿಗೆ ಬರುತ್ತಾರೆಯೇ?

ಏಟು ತಿಂದು ಕಲಿತವರು ಇಂದು ಎದುರಿಗಿದ್ದಾರೆ, ಏಟಿಗೆ ಹೆದರಿ ಮೂರನೇ ತರಗತಿಗೇ ಶಾಲೆ ಬಿಟ್ಟು ದನ ಕಾಯಲು ಹೋದವರು ಪೋಷಕರ ಸಭೆಗೆ ಬಂದು ಮಾತನಾಡುವುದಿಲ್ಲ. ಹಾಗಾಗಿ ಈ ವಾದಕ್ಕೆ ಸಾಕ್ಷಿ ಒಂದೇ ಕಡೆಯಿಂದ ಸಿಗುತ್ತದೆ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ‘ನಿಮ್ಮ ಮನೆಯವರೇ ಓದಿಲ್ಲ, ನೀನೇನು ಓದುತ್ತೀ’ ಎಂಬ ಮಾತು ಕೂಡ ಹಿಂಸೆಯೇ, ಮತ್ತು ಅದು ಹೆಚ್ಚಾಗಿ ಬೀಳುವುದು ಮೊದಲ ತಲೆಮಾರಿನ ಕಲಿಯುವ ಮಕ್ಕಳ ಮೇಲೆ. ತಪ್ಪು ಉತ್ತರ ಕೊಟ್ಟರೆ ಏಟು ಬೀಳುತ್ತದೆಂದು ಗೊತ್ತಾದ ಮಗು ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. ಆಗ ಅದಕ್ಕೆ ಎಲ್ಲಿ ತೊಡಕಿದೆ ಎಂದು ತಿಳಿಯುವ ದಾರಿಯೇ ಶಿಕ್ಷಕರಿಗೆ ಮುಚ್ಚಿಹೋಗುತ್ತದೆ.

## ಕಲಿಕೆ, ಪರೀಕ್ಷೆ, ಮಾಧ್ಯಮ

ಫೇಲ್ ಮಾಡುವುದನ್ನು ನಿಲ್ಲಿಸಿದ್ದರಿಂದಲೇ ಮಕ್ಕಳು ಓದುತ್ತಿಲ್ಲ ಅಲ್ಲವೇ?

ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಯವರೆಗೆ ಅನುತ್ತೀರ್ಣಗೊಳಿಸಬಾರದೆಂದು ಹೇಳಿದಾಗ ಅದರ ಜೊತೆಗೇ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನೂ ಹೇಳಿತ್ತು. ಎಂದರೆ, ವರ್ಷದ ಕೊನೆಗೆ ತಡೆಹಿಡಿಯುವ ಬದಲು ವರ್ಷವಿಡೀ ಗಮನಿಸಿ, ಹಿಂದೆ ಬಿದ್ದಾಗಲೇ ಕೈಹಿಡಿಯಬೇಕು. ನಾವು ಮೊದಲರ್ಧವನ್ನು ಪಾಲಿಸಿದೆವು, ಎರಡನೆಯದನ್ನು ಎಫ್‌ಎ (ರೂಪಣಾತ್ಮಕ) ಮತ್ತು ಎಸ್‌ಎ (ಸಂಕಲನಾತ್ಮಕ) ಎಂಬ ಅಂಕಪಟ್ಟಿಗಳಿಗೆ ಇಳಿಸಿಬಿಟ್ಟೆವು. ರೂಪಣಾತ್ಮಕ ಮೌಲ್ಯಮಾಪನದ ಅಂಕ ತುಂಬಿದ ಮೇಲೆ ಆ ಮಗುವಿಗಾಗಿ ಮರುದಿನದ ಪಾಠ ಬದಲಾಗಬೇಕಿತ್ತು. ಬಹುಪಾಲು ಶಾಲೆಗಳಲ್ಲಿ ಅದು ಆಗಲಿಲ್ಲ.

2019ರ ತಿದ್ದುಪಡಿಯ ನಂತರ ಐದು ಮತ್ತು ಎಂಟನೇ ತರಗತಿಗೆ ವಾರ್ಷಿಕ ಪರೀಕ್ಷೆ ನಡೆಸಲು, ಅದರಲ್ಲಿ ತೇರ್ಗಡೆಯಾಗದ ಮಗುವಿಗೆ ಹೆಚ್ಚಿನ ಬೋಧನೆ ಕೊಟ್ಟು ಎರಡು ತಿಂಗಳಲ್ಲಿ ಮರುಪರೀಕ್ಷೆ ಮಾಡಲು, ಆಮೇಲೂ ಆಗದಿದ್ದರೆ ಅದೇ ತರಗತಿಯಲ್ಲಿ ಉಳಿಸಲು ರಾಜ್ಯಗಳಿಗೆ ಅವಕಾಶ ಸಿಕ್ಕಿತು. ಕರ್ನಾಟಕದಲ್ಲಿ ಐದು, ಎಂಟು ಮತ್ತು ಒಂಬತ್ತನೇ ತರಗತಿಯ ಬೋರ್ಡ್ ಮಾದರಿಯ ಪರೀಕ್ಷೆ ನ್ಯಾಯಾಲಯದ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದರ ಫಲಿತಾಂಶಕ್ಕೆ ತಡೆ ನೀಡಿದ್ದು ಅನೇಕರಿಗೆ ನೆನಪಿರಬಹುದು.

ಒಂದೇ ತರಗತಿಯನ್ನು, ಅದೇ ಶಿಕ್ಷಕರಿಂದ, ಅದೇ ವಿಧಾನದಲ್ಲಿ ಎರಡನೇ ಸಲ ಕೇಳಿದ ಮಾತ್ರಕ್ಕೆ ಮಗು ಕಲಿಯುತ್ತದೆಂದು ನಂಬಲು ಯಾವ ಆಧಾರವೂ ನನಗೆ ಕಾಣುವುದಿಲ್ಲ. ತಡೆಹಿಡಿಯಲ್ಪಟ್ಟ ಮಗು ತನಗಿಂತ ಚಿಕ್ಕವರ ಜೊತೆ ಕೂರಲು ನಾಚಿ ಶಾಲೆ ಬಿಡುತ್ತದೆ. ಹೆಣ್ಣುಮಗಳಾದರೆ ಮನೆಯವರೇ ಬಿಡಿಸುತ್ತಾರೆ. ಅನುತ್ತೀರ್ಣತೆಯ ಪರವಾಗಿ ವಾದಿಸುವವರು ಆ ಎರಡು ತಿಂಗಳ ಹೆಚ್ಚಿನ ಬೋಧನೆಯನ್ನು ಯಾರು, ಯಾವ ಹೊತ್ತಿನಲ್ಲಿ, ಯಾವ ಸಾಮಗ್ರಿಯಿಂದ ಕೊಡುತ್ತಾರೆ ಎಂದು ಮೊದಲು ಹೇಳಬೇಕು. ಅದನ್ನು ಕೊಡಲು ಸಾಧ್ಯವಿದ್ದರೆ ಜೂನ್‌ನಲ್ಲಿಯೇ ಕೊಡಬಹುದಲ್ಲ?

ಐದನೇ ತರಗತಿ ಮುಗಿದರೂ ನನ್ನ ಮಗನಿಗೆ ಕನ್ನಡ ಓದಲು ಬರುವುದಿಲ್ಲ. ಈಗ ತಡವಾಯಿತೇ?

ತಡವಾಗಿಲ್ಲ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದರಿಂದ ಇಂಥ ಮಕ್ಕಳು ಎಲ್ಲ ಊರುಗಳಲ್ಲೂ ಕಂಡುಬಂದರು. 2022-23ರ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಎರಡು ವರ್ಷದ ನಷ್ಟವನ್ನು ಒಪ್ಪಿಕೊಂಡು, ಕಲಿಕಾ ಹಾಳೆಗಳ ಮೂಲಕ ಹಿಂದಿನ ತರಗತಿಗಳ ಕಲಿಕೆಯಿಂದ ಮತ್ತೆ ಶುರುಮಾಡಿತು. ಆ ಒಪ್ಪಿಕೊಳ್ಳುವಿಕೆ ಒಂದೇ ವರ್ಷಕ್ಕೆ ಮುಗಿಯಬಾರದಿತ್ತು.

ಮಾಡಬೇಕಾದ್ದು ಇಷ್ಟು. ಮೊದಲು ಅವನಿಗೆ ಎಲ್ಲಿಯವರೆಗೆ ಬರುತ್ತದೆ ನೋಡಿ: ಬಿಡಿ ಅಕ್ಷರ ಬರುತ್ತದೆಯೇ, ಗುಣಿತಾಕ್ಷರದಲ್ಲಿ ನಿಲ್ಲುತ್ತಾನೆಯೇ, ಒತ್ತಕ್ಷರದಲ್ಲಿ ಎಡವುತ್ತಾನೆಯೇ? ಕನ್ನಡದಲ್ಲಿ ಬಹಳ ಮಕ್ಕಳು ಸಿಲುಕುವುದು ಒತ್ತಕ್ಷರದಲ್ಲಿ, ಅದರಲ್ಲೂ ಮೇಲಿನ ಅಕ್ಷರದ ಆಕಾರಕ್ಕೂ ಕೆಳಗಿನ ಒತ್ತಿನ ಆಕಾರಕ್ಕೂ ಹೋಲಿಕೆಯೇ ಇಲ್ಲದ ತ, ಮ, ರ, ಯ ಒತ್ತುಗಳಲ್ಲಿ. ನಿಂತ ಜಾಗ ಗೊತ್ತಾದ ಮೇಲೆ ಐದನೇ ತರಗತಿಯ ಪುಸ್ತಕವನ್ನು ಬದಿಗಿಟ್ಟು, ಅವನು ಓದಬಲ್ಲಷ್ಟೇ ಕಷ್ಟದ ಸಣ್ಣ ಕತೆಗಳನ್ನು ದಿನಕ್ಕೆ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದಿಸಬೇಕು. ನೀವು ಓದು ಬಲ್ಲವರಲ್ಲದಿದ್ದರೂ ಅವನ ಪಕ್ಕ ಕುಳಿತು ಕೇಳಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಶಾಲೆಯಲ್ಲಿ ಕೇಳಬೇಕಾದ ಪ್ರಶ್ನೆಯೂ ಒಂದಿದೆ: ‘ಅವನಿಗೆ ಎಷ್ಟು ಅಂಕ ಬಂತು’ ಎನ್ನುವ ಬದಲು ‘ಅವನು ಯಾವ ಹಂತದಲ್ಲಿದ್ದಾನೆ, ಅವನಿಗಾಗಿ ಬೇರೆ ಏನು ಮಾಡುತ್ತಿದ್ದೀರಿ’ ಎಂದು ಕೇಳಿ. ಹಾಜರಿ ಮತ್ತು ಪ್ರಗತಿಯನ್ನು ಪೋಷಕರಿಗೆ ತಿಳಿಸುವುದು ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಿಕ್ಷಕರ ಕರ್ತವ್ಯಗಳಲ್ಲಿ ಒಂದು.

ಶ್ರೀಮಂತರ ಮಕ್ಕಳಿಗೆ ಇಂಗ್ಲಿಷ್, ನಮ್ಮ ಮಕ್ಕಳಿಗೆ ಮಾತ್ರ ಕನ್ನಡ ಮಾಧ್ಯಮವೇ? ಇದು ನ್ಯಾಯವೇ?

ಪ್ರಶ್ನೆಯಲ್ಲಿರುವ ನೋವು ನ್ಯಾಯವಾದದ್ದು, ಅದನ್ನು ಭಾಷಾಭಿಮಾನದ ಮಾತಿನಿಂದ ತಳ್ಳಿಹಾಕಬಾರದು. ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿ ಬಡವರಿಗೆ ಮಾತೃಭಾಷೆಯ ಮಹತ್ವವನ್ನು ಬೋಧಿಸುವವರ ಮಾತಿಗೆ ಬೆಲೆ ಇರುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ ರಾಜ್ಯದ 1994ರ ಆದೇಶ ದೀರ್ಘಕಾಲದ ವ್ಯಾಜ್ಯದ ನಂತರ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠದ ಮುಂದೆ ನಿಲ್ಲಲಿಲ್ಲ. ಮಾಧ್ಯಮದ ಆಯ್ಕೆಯನ್ನು ಸರ್ಕಾರ ಹೇರುವಂತಿಲ್ಲವೆಂದು ತೀರ್ಪು ಬಂತು. ಆಮೇಲೆ 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ತೆರೆದವು.

ಇಲ್ಲಿ ಇಂಗ್ಲಿಷ್ ಕಲಿಯುವುದು ಮತ್ತು ಇಂಗ್ಲಿಷಿನಲ್ಲಿ ಕಲಿಯುವುದು ಎಂಬ ಎರಡು ಬೇರೆ ಸಂಗತಿಗಳಿವೆ. ಮೊದಲನೆಯದು ಪ್ರತಿ ಮಗುವಿನ ಹಕ್ಕು. 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ, ಆದರೆ ಅದನ್ನು ಮಾತನಾಡಿ ಕಲಿಸಬಲ್ಲ ಶಿಕ್ಷಕರನ್ನು ಸಾಕಷ್ಟು ಸಿದ್ಧಪಡಿಸಲಿಲ್ಲ. ಎರಡನೆಯದರಲ್ಲಿ ತೊಡಕಿದೆ. ಮನೆಯಲ್ಲಿ ಇಂಗ್ಲಿಷ್ ಕೇಳದ ಆರು ವರ್ಷದ ಮಗು ಗಣಿತವನ್ನೂ ಪರಿಸರ ಅಧ್ಯಯನವನ್ನೂ ತಿಳಿಯದ ಭಾಷೆಯಲ್ಲಿ ಕೇಳಿದಾಗ ಪ್ರಶ್ನೆ ಕೇಳುವುದನ್ನು ಬಿಟ್ಟು ಬೋರ್ಡಿನ ಮೇಲಿದ್ದುದನ್ನು ನಕಲು ಮಾಡುವುದನ್ನು ಕಲಿಯುತ್ತದೆ. ಪೋಷಕರು ತುಂಬಿದ ನೋಟ್‌ಬುಕ್ ನೋಡಿ ಸಂತೋಷಪಡುತ್ತಾರೆ. ಸೋಲು ಕಾಣಿಸುವುದು ಹೈಸ್ಕೂಲಿಗೆ ಬಂದ ಮೇಲೆ.

ಇನ್ನು ಮಾತೃಭಾಷೆ ಎಂದ ಕೂಡಲೇ ಕನ್ನಡ ಎಂದುಕೊಳ್ಳುವುದೂ ಸರಿಯಲ್ಲ. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕೊಡಗಿನಲ್ಲಿ ಕೊಡವ, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನುಡಿ. ಈ ಮಕ್ಕಳಿಗೆ ಶಾಲೆಯ ಕನ್ನಡವೇ ಮೊದಲ ತಡೆಗೋಡೆ. ಒಂದನೇ ತರಗತಿಯ ಶಿಕ್ಷಕರಿಗೆ ಆ ಮಾತಿನ ನೂರು ಪದ ಗೊತ್ತಿದ್ದರೂ ಮಗುವಿನ ಮೊದಲ ವರ್ಷ ಬೇರೆಯೇ ಆಗುತ್ತದೆ.

ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆ ಮಾಡಿದ್ದು ಮಕ್ಕಳನ್ನು ಸೋಮಾರಿಗಳನ್ನಾಗಿ ಮಾಡುವುದಿಲ್ಲವೇ?

2023-24ರಲ್ಲಿ ಒಬ್ಬ ವಿದ್ಯಾರ್ಥಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬರೆದು ಉತ್ತಮ ಅಂಕಗಳನ್ನು ಉಳಿಸಿಕೊಳ್ಳಬಹುದಾದ ವ್ಯವಸ್ಥೆ ಬಂತು. ಜ್ವರ ಬಂದ ಒಂದು ದಿನ, ಮನೆಯಲ್ಲಿ ಸಾವಾದ ಒಂದು ವಾರ ಇಡೀ ಬದುಕನ್ನು ನಿರ್ಧರಿಸಬಾರದು ಎಂಬ ದೃಷ್ಟಿಯಿಂದ ಇದು ಒಳ್ಳೆಯ ಹೆಜ್ಜೆ. ನನ್ನ ಚಿಂತೆ ಬೇರೆ ಕಡೆ ಇದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ, ಹೆಚ್ಚಿನ ಕೃಪಾಂಕ ಕೊಟ್ಟ ಮೇಲೂ ಶೇ. 73.40ಕ್ಕೆ ಇಳಿಯಿತು. ಹತ್ತು ವರ್ಷ ಕಲಿಸದೆ ಬಿಟ್ಟದ್ದನ್ನು ಕ್ಯಾಮೆರಾ ಬಯಲು ಮಾಡಿತು, ಆದರೆ ಅದರ ಶಿಕ್ಷೆ ಮಕ್ಕಳಿಗೆ ಮಾತ್ರ ಆಯಿತು.

ನನ್ನ ಮಗಳಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ‘ವಿಶೇಷ ಶಾಲೆಗೆ ಹಾಕಿ’ ಎನ್ನುತ್ತಾರೆ. ಹಾಕಲೇಬೇಕೇ?

ಆಯ್ಕೆ ನಿಮ್ಮದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ, ನಿಗದಿತ ಪ್ರಮಾಣದ ಅಂಗವೈಕಲ್ಯವಿರುವ ಮಗು 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದಬಹುದು. ತಾಲೂಕಿನ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ವೈದ್ಯಕೀಯ ತಪಾಸಣಾ ಶಿಬಿರ, ಶ್ರವಣ ಸಾಧನ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯದ ಬಗ್ಗೆ ಅವರನ್ನು ಕೇಳಿ. ಶಾಲೆಯಲ್ಲಿ ನಾಳೆಯೇ ಆಗಬಹುದಾದ ಕೆಲಸವೂ ಇದೆ: ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಬೋರ್ಡಿನ ಕಡೆಗೆ ತಿರುಗಿ ಮಾತನಾಡದೆ ಅವಳಿಗೆ ತುಟಿ ಕಾಣುವಂತೆ ನಿಂತು ಮಾತನಾಡುವುದು.

## ಶಿಕ್ಷಕರು ಕೇಳುವುದು

ಶಾಲೆಗೆ ನಾನೊಬ್ಬನೇ, ಐದು ತರಗತಿ. ಪ್ರತಿ ಮಗುವನ್ನೂ ಗಮನಿಸಿ ಅಂದರೆ ಹೇಗೆ ಸಾರ್?

ಮೊದಲು ಹೇಳಬೇಕಾದ್ದು, ಒಬ್ಬರೇ ಇರುವುದೇ ಕಾನೂನಿಗೆ ವಿರುದ್ಧ. 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ. ಎರಡನೆಯವರು ಬರುವವರೆಗೆ ಐದು ತರಗತಿಗಳಿಗೆ ಐದು ಪಾಠ ಮಾಡಲು ಹೋಗಿ ದಣಿಯಬೇಡಿ. ದಿನಕ್ಕೆ ಒಂದು ಗಂಟೆ ಭಾಷೆಗೆ, ಒಂದು ಗಂಟೆ ಗಣಿತಕ್ಕೆ ತರಗತಿಯ ಗೆರೆಯನ್ನು ಅಳಿಸಿ, ಮಕ್ಕಳನ್ನು ಅವರಿಗೆ ಬರುವಷ್ಟರ ಮೇಲೆ ಮೂರು ಗುಂಪು ಮಾಡಿ. ಒಂದು ಗುಂಪಿಗೆ ನೀವು, ಒಂದಕ್ಕೆ ದೊಡ್ಡ ಮಕ್ಕಳು, ಒಂದಕ್ಕೆ ಓದುವ ಅಥವಾ ಬರೆಯುವ ಕೆಲಸ. ಗುಂಪುಗಳು ತಿಂಗಳಿಗೊಮ್ಮೆ ಬದಲಾಗುತ್ತಿರಬೇಕು, ಇಲ್ಲವಾದರೆ ಕೆಳಗಿನ ಗುಂಪು ‘ದಡ್ಡರ ಗುಂಪು’ ಎಂಬ ಹೆಸರು ಹೊತ್ತು ಅಲ್ಲೇ ಉಳಿಯುತ್ತದೆ.

ಆನ್‌ಲೈನ್‌ಗೆ ಮಾಹಿತಿ ತುಂಬುವುದರಲ್ಲೇ ದಿನ ಮುಗಿಯುತ್ತದೆ. ಪಾಠ ಯಾವಾಗ ಮಾಡುವುದು?

ಜನಗಣತಿ, ಚುನಾವಣೆ ಮತ್ತು ವಿಪತ್ತು ಪರಿಹಾರ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹೇಳುತ್ತದೆ. ಸ್ಯಾಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರತಿ ವಿದ್ಯಾರ್ಥಿಯ ದಾಖಲೆ, ಊಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಫೋಟೊ ಸಹಿತ ವರದಿ ಇವು ‘ಶೈಕ್ಷಣಿಕ’ ಎಂಬ ಹೆಸರಿನಲ್ಲಿ ಒಳಗೆ ಬಂದಿವೆ. ಸುತ್ತಲಿನ ಕೆಲವು ಶಾಲೆಗಳ ಗುಂಪಾದ ಕ್ಲಸ್ಟರ್‌ಗೆ ಸಿಆರ್‌ಪಿಗಳನ್ನು (ಸಂಪನ್ಮೂಲ ವ್ಯಕ್ತಿ) ನೇಮಿಸಿದ್ದು ತರಗತಿಯಲ್ಲಿ ಶಿಕ್ಷಕರ ಪಕ್ಕ ನಿಂತು ನೆರವಾಗಲು. ಅವರೂ ಈಗ ಮಾಹಿತಿ ಸಂಗ್ರಾಹಕರಾಗಿದ್ದಾರೆ. ಕ್ಲಸ್ಟರ್‌ಗೊಬ್ಬ ಲೆಕ್ಕ ಸಹಾಯಕರನ್ನು ಕೊಡುವುದು ಹೊಸ ಬೋಧನಾ ತರಬೇತಿಗಳಿಗಿಂತ ಹೆಚ್ಚು ಬೋಧನಾ ಸಮಯವನ್ನು ಉಳಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

## ವ್ಯವಸ್ಥೆ ಮತ್ತು ನೀತಿ

ದುಡಿಯಲು ಊರು ಬಿಡುವವರ ಮಕ್ಕಳಿಗೆ ಏನು ದಾರಿ?

ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ವಿಜಯಪುರ ಜಿಲ್ಲೆಯಿಂದ ಮಹಾರಾಷ್ಟ್ರ ಮತ್ತು ಗೋವಾಕ್ಕೆ ಹೋಗುವ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಹೊರಟು ಮಳೆಗಾಲಕ್ಕೆ ಮರಳುತ್ತವೆ. ಶಾಲೆಯ ವರ್ಷ ಜೂನ್‌ನಿಂದ ಏಪ್ರಿಲ್‌ವರೆಗೆ. ಈ ಎರಡು ಪಂಚಾಂಗಗಳು ಹೊಂದದಿದ್ದಾಗ ಸೋಲುವುದು ಮಗು. ಊರಿನಲ್ಲೇ ಮಗುವನ್ನು ಉಳಿಸಿಕೊಳ್ಳುವ ಋತುಮಾನ ವಸತಿ ಕೇಂದ್ರ, ಹೋದ ಕಡೆ ತೆರೆಯುವ ಟೆಂಟ್ ಶಾಲೆ, ಎರಡೂ ವ್ಯವಸ್ಥೆಗಳಿವೆ. ವಸತಿ ಕೇಂದ್ರವು ಕುಟುಂಬ ಹೊರಡುವ ಮೊದಲೇ ತೆರೆದಿರಬೇಕು. ಹೊರಟ ಒಂದು ತಿಂಗಳ ನಂತರ ಅನುದಾನ ಬಂದರೆ ಅಲ್ಲಿ ಉಳಿಯುವ ಮಕ್ಕಳೇ ಇರುವುದಿಲ್ಲ. ಬೆಂಗಳೂರಿನ ಶಾಲೆಯೂ ನವೆಂಬರ್‌ನಲ್ಲಿ ಬಂದ ಮಗುವನ್ನು ‘ದಾಖಲಾತಿ ಮುಗಿಯಿತು’ ಎನ್ನದೆ ಸೇರಿಸಿಕೊಳ್ಳಬೇಕು. ಸ್ಯಾಟ್ಸ್ ಸಂಖ್ಯೆ ಮಗುವಿನ ಜೊತೆಗೇ ಹೋಗುವುದರಿಂದ ಇದು ಈಗ ಸುಲಭ.

ಖಾಸಗಿ ಶಾಲೆಯ ಶೇ. 25 ಆರ್‌ಟಿಇ ಸೀಟು ಕರ್ನಾಟಕದಲ್ಲಿ ಯಾಕೆ ಸಿಗುತ್ತಿಲ್ಲ?

ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ದುರ್ಬಲ ವರ್ಗದ ಮಕ್ಕಳಿಗಾಗಿ ಖಾಸಗಿ ಶಾಲೆಗಳಲ್ಲಿ ಮೀಸಲಿಟ್ಟ ಸೀಟುಗಳಿವು. ರಾಜ್ಯದ ನಿಯಮಗಳಿಗೆ ತಂದ ತಿದ್ದುಪಡಿಯಿಂದ 2019-20ನೇ ಸಾಲಿನಿಂದ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಶಾಲೆ ಈ ಸೀಟು ಕೊಡಬೇಕಾಗಿಲ್ಲ. 2019ರ ಮೇ ತಿಂಗಳಲ್ಲಿ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆಗಳಿಂದ ಮಕ್ಕಳನ್ನು ಸೆಳೆದು, ಶುಲ್ಕವನ್ನು ಸರ್ಕಾರವೇ ಖಾಸಗಿಯವರಿಗೆ ಕಟ್ಟುವುದು ಸರಿಯಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ಹಾಗೆ ಉಳಿದ ಹಣ ಪಕ್ಕದ ಸರ್ಕಾರಿ ಶಾಲೆಗೆ ಬಂತೇ ಎಂಬುದನ್ನು ಪ್ರತಿ ಎಸ್‌ಡಿಎಂಸಿಯೂ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕೇಳಬೇಕು. ಬೇರೆ ಬೇರೆ ವರ್ಗದ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಅವಕಾಶ ಕಡಿಮೆಯಾಯಿತೆಂಬ ನಷ್ಟವನ್ನಂತೂ ಒಪ್ಪಿಕೊಳ್ಳಲೇಬೇಕು.

ಮಕ್ಕಳು ಕಡಿಮೆ ಅಂತ ನಮ್ಮೂರ ಶಾಲೆ ಮುಚ್ಚಿ ದೊಡ್ಡ ಶಾಲೆಗೆ ಸೇರಿಸುತ್ತಾರಂತೆ. ಒಪ್ಪಬಹುದೇ?

ಕರ್ನಾಟಕ ಪಬ್ಲಿಕ್ ಶಾಲೆಗಳಂಥ, ಪೂರ್ವ ಪ್ರಾಥಮಿಕದಿಂದ ಪಿಯುವರೆಗೆ ಒಂದೇ ಆವರಣದಲ್ಲಿರುವ ಶಾಲೆಗಳಲ್ಲಿ ವಿಷಯವಾರು ಶಿಕ್ಷಕರು, ಪ್ರಯೋಗಾಲಯ, ಆಟದ ಮೈದಾನ ಸಿಗುತ್ತವೆ ಎಂಬುದು ನಿಜ. ಎಂಟು ಮಕ್ಕಳ ಶಾಲೆಯಲ್ಲಿ ಕಬಡ್ಡಿಗೆ ಎರಡು ತಂಡ ಕೂಡ ಆಗುವುದಿಲ್ಲ. ಆದರೆ ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ತರಗತಿಗಳಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬ ನಿಯಮವನ್ನು ಸುಮ್ಮನೆ ಮಾಡಿದ್ದಲ್ಲ. ಮಲೆನಾಡಿನಲ್ಲಿ ನಕ್ಷೆಯ ಮೇಲಿನ ಎರಡು ಕಿಲೋಮೀಟರ್ ನಡುವೆ ಮಳೆಗಾಲದಲ್ಲಿ ಉಕ್ಕುವ ಹಳ್ಳವಿರುತ್ತದೆ. ಮೊದಲು ಬಿಡಿಸುವುದು ಹೆಣ್ಣುಮಕ್ಕಳನ್ನು ಮತ್ತು ಅಂಗವಿಕಲ ಮಕ್ಕಳನ್ನು. ಹಾಗಾಗಿ ವಾಹನ ವ್ಯವಸ್ಥೆ ವರ್ಷಗಳ ಕಾಲ ನಡೆಯುತ್ತದೆಂಬ ಲಿಖಿತ ಭರವಸೆಯಿಲ್ಲದೆ ಎಸ್‌ಡಿಎಂಸಿ ಒಪ್ಪಿಗೆ ಕೊಡಬಾರದು. ಸಣ್ಣ ಮಕ್ಕಳನ್ನು ಊರಲ್ಲೇ ಉಳಿಸಿ, ಆರನೇ ತರಗತಿಯಿಂದ ಮೇಲಿನವರನ್ನು ಮಾತ್ರ ದೊಡ್ಡ ಶಾಲೆಗೆ ಒಯ್ಯುವುದು ಹಲವು ಕಡೆ ಸರಿಹೊಂದುವ ದಾರಿ.

ಹೆಚ್ಚು ಅಗತ್ಯವಿರುವ ಜಿಲ್ಲೆಗಳಲ್ಲೇ ಶಿಕ್ಷಕರು ಯಾಕೆ ಕಡಿಮೆ?

2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 114 ತಾಲೂಕುಗಳನ್ನು ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಸಂವಿಧಾನಕ್ಕೆ 371(ಜೆ) ಕಲಮು ಬಂದ ಮೇಲೆ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಸ್ಥಳೀಯ ಮೀಸಲಾತಿ ಮತ್ತು ಪ್ರತ್ಯೇಕ ಅನುದಾನ ದೊರೆತಿವೆ. ಆದರೂ ನೇಮಕವಾದವರು ವರ್ಗಾವಣೆ ಪಡೆದು ಪಟ್ಟಣದ ಸಮೀಪಕ್ಕೆ ಹೋಗಲು ಬಯಸುತ್ತಾರೆ, ದೂರದ ಶಾಲೆಯ ಖಾಲಿ ಹುದ್ದೆಯನ್ನು ಅತಿಥಿ ಶಿಕ್ಷಕರು ತುಂಬುತ್ತಾರೆ. ಅತಿಥಿ ಶಿಕ್ಷಕರಲ್ಲಿ ಅನೇಕರು ಪ್ರಾಮಾಣಿಕವಾಗಿ ದುಡಿಯುತ್ತಾರೆ, ಆದರೆ ಅವರಿಗೆ ಕೊಡುವ ಅಲ್ಪ ಗೌರವಧನ ಮತ್ತು ಪ್ರತಿವರ್ಷದ ಅನಿಶ್ಚಿತತೆಯಲ್ಲಿ ಮಗುವಿನ ಐದು ವರ್ಷದ ಪ್ರಗತಿಯನ್ನು ಹಿಂಬಾಲಿಸಿ ನೋಡುವವರು ಯಾರೂ ಉಳಿಯುವುದಿಲ್ಲ. ದೂರದ ಶಾಲೆಯಲ್ಲಿ ಉಳಿಯುವವರಿಗೆ ವಸತಿ, ಭತ್ಯೆ, ತಮ್ಮ ಮಕ್ಕಳ ಓದಿಗೆ ನೆರವು ಕೊಡುವುದು ಶಿಕ್ಷಕರ ಮೇಲಿನ ಉಪಕಾರವಲ್ಲ, ಆ ಊರಿನ ಮಕ್ಕಳಿಗೆ ಸಲ್ಲಬೇಕಾದ ಪಾಲು.

ಎಸ್‌ಡಿಎಂಸಿ ಸಭೆಯಲ್ಲಿ ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ನಮಗೆ ನಿಜವಾಗಿ ಅಧಿಕಾರ ಇದೆಯೇ?

ಇದೆ. ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲೇ ಕರ್ನಾಟಕ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು ಎಂಟು ವರ್ಷಗಳ ನಂತರ. ಕಾಯ್ದೆಯ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು, ದುರ್ಬಲ ವರ್ಗದವರಿಗೆ ತಕ್ಕ ಪ್ರಾತಿನಿಧ್ಯವಿರಬೇಕು. ಶಾಲೆಯ ಕೆಲಸವನ್ನು ಗಮನಿಸುವುದು, ಅನುದಾನದ ಬಳಕೆಯನ್ನು ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಅದರ ಕೆಲಸ. ಕಟ್ಟಡ ಮತ್ತು ಕಾಂಪೌಂಡಿನ ಮಾತಿನಲ್ಲೇ ಸಭೆ ಮುಗಿಯದಂತೆ, ಪ್ರತಿ ಸಭೆಯಲ್ಲಿ ಒಂದೇ ಒಂದು ಕಲಿಕೆಯ ಪ್ರಶ್ನೆ ಇರಲಿ: ಮೂರನೇ ತರಗತಿಯಲ್ಲಿ ಸರಾಗವಾಗಿ ಓದುವವರು ಎಷ್ಟು ಮಂದಿ, ಕಳೆದ ಸಭೆಯ ಹೊತ್ತಿಗೆ ಎಷ್ಟಿದ್ದರು? ಓದು ಬಾರದ ತಾಯಂದಿರೂ ಕೇಳಬಹುದಾದ, ಅರ್ಥಮಾಡಿಕೊಳ್ಳಬಹುದಾದ ಪ್ರಶ್ನೆ ಇದು. ನಡಾವಳಿ ಪುಸ್ತಕವನ್ನು ಸಹಿಗೆ ಮೊದಲು ಗಟ್ಟಿಯಾಗಿ ಓದಿಸಿ.

ಜಾತಿಯ ಮಾತು ಈಗಲೂ ಶಾಲೆಯಲ್ಲಿ ಇದೆಯೇ? ಅದೆಲ್ಲ ಹಳೆಯದಲ್ಲವೇ?

1892ರಲ್ಲಿ ಕುದ್ಮುಲ್ ರಂಗರಾವ್ ಅವರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಎದುರಿಸಿದ ಬಹಿಷ್ಕಾರ ಇಂದು ಆ ರೂಪದಲ್ಲಿ ಇಲ್ಲ. ಆದರೆ ಬಿಸಿಯೂಟದ ಅಡುಗೆಯವರು ದಲಿತರೆಂಬ ಕಾರಣಕ್ಕೆ ಮಕ್ಕಳನ್ನು ಊಟ ಬಿಡಿಸುವ ಮನೆಗಳಿವೆ. ಶೌಚಾಲಯ ತೊಳೆಯಲು, ಕಸ ಎತ್ತಲು ಯಾವ ಮಕ್ಕಳನ್ನು ಕರೆಯುತ್ತಾರೆಂದು ನೋಡಿದರೆ ಉಳಿದದ್ದು ತಿಳಿಯುತ್ತದೆ. ವಿದ್ಯಾರ್ಥಿವೇತನದ ಪಟ್ಟಿ ಮಾಡುವಾಗ ‘ಎಸ್ಸಿ ಮಕ್ಕಳು ಎದ್ದು ನಿಲ್ಲಿ’ ಎನ್ನುವುದು ಕೆಡುಕಿನ ಉದ್ದೇಶವಿಲ್ಲದ ಶಿಕ್ಷಕರ ಬಾಯಲ್ಲೂ ಬರುತ್ತದೆ. ಆ ಪಟ್ಟಿಯನ್ನು ದಾಖಲೆಯಿಂದ ಮಾಡಬಹುದು, ಮಕ್ಕಳನ್ನು ನಿಲ್ಲಿಸಬೇಕಾಗಿಲ್ಲ. ದುರ್ಬಲ ವರ್ಗದ ಮಗುವಿಗೆ ತಾರತಮ್ಯವಾಗದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯವೆಂದು ಶಿಕ್ಷಣ ಹಕ್ಕು ಕಾಯ್ದೆಯ 8ನೇ ಕಲಮು ಹೇಳುತ್ತದೆ, ಮತ್ತು ತರಗತಿಯಲ್ಲಿ ಸರ್ಕಾರ ಎಂದರೆ ಆ ಕ್ಷಣ ಅಲ್ಲಿ ನಿಂತಿರುವ ಶಿಕ್ಷಕರೇ.

ಹೊಸ ಸಮಿತಿ, ಹೊಸ ನೀತಿ ಅಂತ ಬರುತ್ತಲೇ ಇರುತ್ತವೆ. ರಾಜ್ಯ ಶಿಕ್ಷಣ ನೀತಿಯಿಂದ ಏನನ್ನು ನಿರೀಕ್ಷಿಸಬಹುದು?

ರಾಷ್ಟ್ರೀಯ ಶಿಕ್ಷಣ ನೀತಿ 2020ರ ಬದಲು ರಾಜ್ಯದ್ದೇ ಆದ ನೀತಿ ರೂಪಿಸಲು 2023ರ ಅಕ್ಟೋಬರ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ರಚನೆಯಾಗಿ, 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿತು. ದ್ವಿಭಾಷಾ ಸೂತ್ರ, ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಬೋಧನೆ, ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ ಮತ್ತು ನಾಲ್ಕು ವರ್ಷ ಪ್ರೌಢ ಹಂತದ ರಚನೆ ಅದರ ಮುಖ್ಯ ಶಿಫಾರಸುಗಳಲ್ಲಿ ಸೇರಿವೆ. ಭಾಷೆಯ ಶಿಫಾರಸಿನ ಬಗ್ಗೆ ಹೆಚ್ಚು ಚರ್ಚೆಯಾಯಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಎರಡು ವರ್ಷದ ಪೂರ್ವ ಪ್ರಾಥಮಿಕ. ಹಣವಿರುವ ಮನೆಯ ಮಗು ಎಲ್‌ಕೆಜಿ, ಯುಕೆಜಿ ಮುಗಿಸಿ ಒಂದನೇ ತರಗತಿಗೆ ಬರುತ್ತದೆ, ಇಲ್ಲದ ಮನೆಯ ಮಗು ಅಂಗನವಾಡಿಯಿಂದ ಬರುತ್ತದೆ. ಮೊದಲ ದಿನವೇ ಇಬ್ಬರ ನಡುವೆ ಎರಡು ವರ್ಷದ ಅಂತರ ಇರುತ್ತದೆ.

ಯಾವ ವರದಿ ಬಂದರೂ ಅದರಲ್ಲಿ ಮೂರು ಸಂಗತಿಗಳನ್ನು ಹುಡುಕಿ ಓದಿ: ಪೂರ್ವ ಪ್ರಾಥಮಿಕಕ್ಕೆ ತರಬೇತಾದ ಶಿಕ್ಷಕಿಯರನ್ನು ಯಾವ ವೇತನಕ್ಕೆ ನೇಮಿಸುತ್ತಾರೆ ಮತ್ತು ಈಗಿರುವ ಅಂಗನವಾಡಿ ಕಾರ್ಯಕರ್ತೆಯರ ಸ್ಥಾನ ಏನಾಗುತ್ತದೆ, ಖಾಲಿ ಹುದ್ದೆ ತುಂಬಲು ಎಷ್ಟು ಕಾಲಮಿತಿ ಇದೆ, ಹಿಂದುಳಿದ ಮಗುವಿಗೆ ನೆರವು ನೀಡಲು ಶಾಲಾ ವೇಳಾಪಟ್ಟಿಯಲ್ಲೇ ಅವಧಿ ಮೀಸಲಿಟ್ಟಿದ್ದಾರೆಯೇ ಎಂಬುದು. ಇವಕ್ಕೆ ಬಜೆಟ್ ಪುಸ್ತಕದಲ್ಲಿ ಲೆಕ್ಕಶೀರ್ಷಿಕೆ ಇದೆಯೇ ಎಂದು ಮಾರ್ಚ್‌ನಲ್ಲಿ ನೋಡಿ. ಇಲ್ಲದಿದ್ದರೆ ನಿಮ್ಮ ಶಾಸಕರಿಗೆ ಎಸ್‌ಡಿಎಂಸಿಯ ನಿರ್ಣಯದ ಪ್ರತಿಯೊಂದಿಗೆ ಪತ್ರ ಬರೆಯಿರಿ, ಗ್ರಾಮ ಪಂಚಾಯಿತಿಯಲ್ಲಿ ಪ್ರತಿವರ್ಷ ನಡೆಯಬೇಕಾದ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಅದನ್ನು ಕೇಳುವಂತೆ ಸಿದ್ಧಪಡಿಸಿ.